ಹೆಸರು, ಊರು, @123: ನಮ್ಮ ಸಂಘದ ನೆಟ್‌ವರ್ಕಿಗೆ ಪಾಸ್‌ವರ್ಡ್ ನಿಯಮಗಳನ್ನು ಹೊಸದಾಗಿ ಅಳವಡಿಸಿದ ಕೆಲಸದ ದಾಖಲೆ

ನಮ್ಮ ಸಹಕಾರ ಸಂಘದ ಪ್ರಧಾನ ಕಚೇರಿ ಮತ್ತು ಮೂರು ಶಾಖೆಗಳಲ್ಲಿ ಒಟ್ಟು 38 ಕಂಪ್ಯೂಟರ್‌ಗಳಿವೆ. 46 ಜನ ಅವುಗಳಿಗೆ ಲಾಗಿನ್ ಆಗುತ್ತಾರೆ. ಮೇಜಿನ ಮೇಲಿರುವುದೆಲ್ಲ ವಿಂಡೋಸ್ ಕಂಪ್ಯೂಟರ್‌ಗಳೇ. ಆದರೆ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ತೀರ್ಮಾನಿಸುವ ಎರಡು ಡೊಮೇನ್ ಕಂಟ್ರೋಲರ್‌ಗಳು ಡೆಬಿಯನ್ 12 ಎಂಬ ಲಿನಕ್ಸಿನ ಮೇಲೆ, ವಿಂಡೋಸ್ ನೆಟ್‌ವರ್ಕನ್ನು ನಡೆಸಬಲ್ಲ ಸಾಂಬಾ ಎಂಬ ತಂತ್ರಾಂಶದಿಂದ ನಡೆಯುತ್ತವೆ. ಈ ನೆಟ್‌ವರ್ಕಿನ ಪಾಸ್‌ವರ್ಡ್ ನಿಯಮಗಳನ್ನು ಬುಡದಿಂದ ಬದಲಾಯಿಸಲು ನನಗೆ ಸುಮಾರು ಎರಡು ತಿಂಗಳು ಹಿಡಿಯಿತು. ಮಾಡಿದ ಕೆಲಸವನ್ನೂ ನಡುವೆ ಎದುರಾದ ತೊಡಕುಗಳನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಇದ್ದ ಸ್ಥಿತಿಯನ್ನು ಅಳೆಯಬೇಕಿತ್ತು. ಆಡಳಿತ ಮಂಡಳಿಯಿಂದ ಲಿಖಿತ ಅನುಮತಿ ಪಡೆದು, ಪಿಡಿಬಿ-ಎಡಿಟ್ ಎಂಬ ಸಾಂಬಾ ಉಪಕರಣದಿಂದ ಎಲ್ಲ ಖಾತೆಗಳ ಹ್ಯಾಶ್‌ಗಳನ್ನು, ಎಂದರೆ ಪಾಸ್‌ವರ್ಡಿನ ಬದಲು ಸರ್ವರ್ ಇಟ್ಟುಕೊಳ್ಳುವ, ಅದರಿಂದ ಲೆಕ್ಕ ಹಾಕಿದ ಸಂಕೇತಗಳನ್ನು, ಒಂದು ಪೆನ್‌ಡ್ರೈವಿಗೆ ತೆಗೆದುಕೊಂಡೆ. ನೆಟ್‌ವರ್ಕಿಗೆ ಸೇರಿಸದ ಒಂದು ಹಳೆಯ ಕಂಪ್ಯೂಟರಿನಲ್ಲಿ ಹ್ಯಾಶ್‌ಗಳಿಂದ ಪಾಸ್‌ವರ್ಡ್ ಊಹಿಸುವ ಜಾನ್ ದ ರಿಪ್ಪರ್ ತಂತ್ರಾಂಶ ಹಾಕಿ ಓಡಿಸಿದೆ. ಕೆಲಸ ಮುಗಿದ ಕೂಡಲೇ ಆ ಕಂಪ್ಯೂಟರಿನ ಡಿಸ್ಕನ್ನೂ ಪೆನ್‌ಡ್ರೈವನ್ನೂ ಪೂರ್ತಿಯಾಗಿ ಅಳಿಸಿದೆ. ಅನುಮತಿ ಇಲ್ಲದೆ ಈ ಕೆಲಸಕ್ಕೆ ಯಾರೂ ಕೈ ಹಾಕಬಾರದು. ಯಾರ ಪಾಸ್‌ವರ್ಡ್ ಏನು ಎಂಬ ಪಟ್ಟಿಯನ್ನು ನಾನು ಯಾರಿಗೂ ತೋರಿಸಲಿಲ್ಲ, ಉಳಿಸಿಕೊಳ್ಳಲೂ ಇಲ್ಲ. ಎಷ್ಟು ಖಾತೆಗಳು ಬಿದ್ದವು, ಅವು ಯಾವ ಬಗೆಯವು ಎಂಬುದಷ್ಟನ್ನೇ ಟಿಪ್ಪಣಿ ಮಾಡಿಕೊಂಡೆ.

ಉಪಕರಣವನ್ನು ಓಡಿಸುವ ಮೊದಲೇ ಒಂದು ವಿಷಯ ಕಣ್ಣಿಗೆ ಬಿತ್ತು. ವಿಂಡೋಸ್ ಡೊಮೇನ್‌ಗಳಲ್ಲಿ ಬಳಕೆಯಾಗುವ ಎನ್‌ಟಿ ಹ್ಯಾಶ್ ಎಂಬುದು ಪಾಸ್‌ವರ್ಡನ್ನು ಯುಟಿಎಫ್-16 ರೂಪಕ್ಕೆ ತಂದು ಎಂಡಿ4 ಗಣಿತಕ್ಕೆ ಒಳಪಡಿಸಿದ ಫಲ. ಅದರಲ್ಲಿ ಖಾತೆಯಿಂದ ಖಾತೆಗೆ ಬೇರೆಯಾಗುವ ಸಾಲ್ಟ್ ಎಂಬ ಅಂಶವೇ ಇಲ್ಲವಾದ್ದರಿಂದ, ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೆ ಅವರ ಹ್ಯಾಶ್ ಕೂಡ ಅಕ್ಷರಶಃ ಒಂದೇ ಆಗಿರುತ್ತದೆ. ನಮ್ಮ ಪಟ್ಟಿಯಲ್ಲಿ ನಾಲ್ವರ ಹ್ಯಾಶ್ ಒಂದೇ ಇತ್ತು. ಕೆಲಸಕ್ಕೆ ಸೇರಿದ ದಿನ ಕೊಟ್ಟ ಪಾಸ್‌ವರ್ಡನ್ನೇ ಆ ನಾಲ್ವರೂ ಸಂಖ್ಯೆ ಬದಲಿಸುತ್ತ ಒಂದೇ ದಾರಿಯಲ್ಲಿ ಮುಂದುವರಿಸಿಕೊಂಡು ಬಂದಿದ್ದರು.

ಬೆಳಿಗ್ಗೆ ಹತ್ತಕ್ಕೆ ಶುರುವಾದ ಪರೀಕ್ಷೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ 46ರಲ್ಲಿ 31 ಬಿದ್ದಿದ್ದವು. ನನ್ನನ್ನು ಕಾಡಿದ್ದು ಆ ಸಂಖ್ಯೆಯಲ್ಲ. ಬಿದ್ದ 31 ಪಾಸ್‌ವರ್ಡ್‌ಗಳಲ್ಲಿ ಪ್ರತಿಯೊಂದೂ ಆಗ ಜಾರಿಯಲ್ಲಿದ್ದ ನಿಯಮಕ್ಕೆ ಸರಿಯಾಗಿಯೇ ಇತ್ತು ಎಂಬುದು ಕಾಡಿತು. ಸಾಂಬಾ ತಾನಾಗಿಯೇ ಇಟ್ಟುಕೊಳ್ಳುವ ನಿಯಮಗಳೇ ನಮ್ಮಲ್ಲಿದ್ದವು: ಕನಿಷ್ಠ 7 ಅಕ್ಷರ, ಹಿಂದಿನ 24 ಪಾಸ್‌ವರ್ಡ್‌ಗಳ ನೆನಪು, 42 ದಿನಕ್ಕೊಮ್ಮೆ ಬದಲಾವಣೆ, ಮತ್ತು ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ಚಿಹ್ನೆ ಮೊದಲಾದ ಐದು ಬಗೆಗಳಲ್ಲಿ ಕನಿಷ್ಠ ಮೂರು ಬಗೆ. ಮನೆದೇವರ ಹೆಸರಿನ ಮೊದಲ ಅಕ್ಷರವನ್ನು ದೊಡ್ಡದು ಮಾಡಿ, ಕೊನೆಗೆ @123 ಸೇರಿಸಿದರೆ ಇವೆಲ್ಲವೂ ಪೂರೈಸುತ್ತವೆ. 42 ದಿನದ ನಂತರ ಅದು @124 ಆಗುತ್ತದೆ. ತಪ್ಪು ಪಾಸ್‌ವರ್ಡ್ ಎಷ್ಟು ಬಾರಿ ಹಾಕಿದರೆ ಖಾತೆಗೆ ಬೀಗ ಬೀಳಬೇಕು ಎಂಬ ಮಿತಿ ಸೊನ್ನೆ ಆಗಿತ್ತು. ಎಂದರೆ ಎಷ್ಟು ಬಾರಿ ತಪ್ಪಾದರೂ ಬೀಗವೇ ಬೀಳುತ್ತಿರಲಿಲ್ಲ.

ಮಾನಕಗಳನ್ನು ರೂಪಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಸ್ಟ್ 2017ರಲ್ಲಿ ತನ್ನ 800-63ಬಿ ಮಾರ್ಗಸೂಚಿಯಲ್ಲಿ ನಿಯತಕಾಲಿಕ ಬದಲಾವಣೆಯನ್ನೂ ಅಕ್ಷರ ಬಗೆಗಳ ಕಡ್ಡಾಯವನ್ನೂ ಕೈಬಿಡಲು ಹೇಳಿ, ಅದಕ್ಕೆ ಬದಲಾಗಿ ಸೋರಿಕೆಯಾದ ಪಾಸ್‌ವರ್ಡ್‌ಗಳ ಪಟ್ಟಿಯೊಂದಿಗೆ ಹೋಲಿಸಿ ನೋಡುವಂತೆ ಸೂಚಿಸಿತು. ಹಳೆಯ ನಿಯಮಗಳನ್ನು ಆ ಸಂಸ್ಥೆಗಾಗಿ ಬರೆದಿದ್ದ ಬಿಲ್ ಬರ್ ಅವರೇ ಅದೇ ವರ್ಷ ತಾವು ಬರೆದದ್ದರ ಬಗ್ಗೆ ವಿಷಾದ ವ್ಯಕ್ತಪಡಿಸಿದರು. ಮೈಕ್ರೋಸಾಫ್ಟ್ ಕೂಡ 2019ರಲ್ಲಿ ತನ್ನ ಭದ್ರತಾ ಶಿಫಾರಸುಗಳಿಂದ ಪಾಸ್‌ವರ್ಡ್ ಅವಧಿಯ ಅಂಶವನ್ನು ತೆಗೆದುಹಾಕಿತು. 2025ರಲ್ಲಿ ಬಂದ ನಿಸ್ಟ್‌ನ ನಾಲ್ಕನೆಯ ಪರಿಷ್ಕರಣೆ, ಪಾಸ್‌ವರ್ಡ್ ಒಂದೇ ಕಾವಲಾಗಿರುವ ಕಡೆ ಕನಿಷ್ಠ 15 ಅಕ್ಷರ ಇರಬೇಕೆನ್ನುತ್ತದೆ. ನಮ್ಮಲ್ಲಿ ಒಟಿಪಿಯಂಥ ಎರಡನೆಯ ಕಾವಲಿಲ್ಲ. ಆದ್ದರಿಂದ 15 ಅಕ್ಷರ, ಅವಧಿಯ ಕಡ್ಡಾಯ ಬೇಡ, ಪಟ್ಟಿಯ ಪರೀಕ್ಷೆ ಬೇಕು ಎಂದು ನಿರ್ಧರಿಸಿಕೊಂಡು ಶುರುಮಾಡಿದೆ.

ಮೊದಲ ಅಡ್ಡಿ ಆ 15ರಲ್ಲಿಯೇ ಬಂತು. ಡೊಮೇನಿನ ಸಾಮಾನ್ಯ ನಿಯಮದಲ್ಲಿ ಕನಿಷ್ಠ ಉದ್ದವನ್ನು 14ಕ್ಕಿಂತ ಹೆಚ್ಚು ಮಾಡಲು ಸಾಂಬಾ-ಟೂಲ್ ಒಪ್ಪುವುದಿಲ್ಲ. ಆದರೆ ಒಂದು ಗುಂಪಿಗೆ ಅಥವಾ ಒಬ್ಬ ಬಳಕೆದಾರರಿಗೆ ಮಾತ್ರ ಅನ್ವಯಿಸುವ, ಪಿಎಸ್‌ಒ ಎಂದು ಕರೆಯುವ ಪ್ರತ್ಯೇಕ ನಿಯಮಗಳಲ್ಲಿ 255ರವರೆಗೂ ಹೋಗಬಹುದು. ಸಾಂಬಾದಲ್ಲಿ ಇವು 4.9ನೇ ಆವೃತ್ತಿಯಿಂದ ಬಂದಿವೆ. ಹಾಗಾಗಿ ಎಲ್ಲರಿಗೂ ತಳಪಾಯವಾಗಿ 14 ಇಟ್ಟು, ಅದರ ಮೇಲೆ ಮೂರು ಪಿಎಸ್‌ಒಗಳನ್ನು ಮಾಡಿದೆ: ಸಿಬ್ಬಂದಿ ಗುಂಪಿಗೆ 15, ನನ್ನ ಮತ್ತು ಇನ್ನೊಬ್ಬರ ಆಡಳಿತ ಖಾತೆಗಳಿಗೆ 25, ಸ್ಕ್ಯಾನರ್ ಹಾಗೂ ಬ್ಯಾಕಪ್‌ನಂಥ ಯಂತ್ರಗಳ ಖಾತೆಗಳಿಗೆ 30. ಒಬ್ಬರು ಎರಡು ಗುಂಪುಗಳಲ್ಲಿದ್ದಾಗ ಆದ್ಯತೆಯ ಸಂಖ್ಯೆ ಯಾವುದರದು ಚಿಕ್ಕದೋ ಆ ನಿಯಮವೇ ನಡೆಯುತ್ತದೆ. ಅದು ಮೊದಮೊದಲು ತಲೆಕೆಳಗಾಗಿ ತೋರುತ್ತದೆ. ಯಾರಿಗೆ ಯಾವ ನಿಯಮ ತಾಗಿದೆ ಎಂದು ತೋರಿಸುವ ಆದೇಶವೂ ಇದೆ, ಪ್ರತಿ ಖಾತೆಗೂ ಅದನ್ನು ಓಡಿಸಿ ನೋಡಿದೆ. ಹೊಸಬರನ್ನು ಸಿಬ್ಬಂದಿ ಗುಂಪಿಗೆ ಸೇರಿಸಲು ಯಾರಾದರೂ ಮರೆತರೂ ತಳಪಾಯದ 14 ಅವರನ್ನು ಕಾಯುತ್ತದೆ. ಬೀಗದ ಮಿತಿಯನ್ನು 10 ತಪ್ಪು ಯತ್ನಗಳಿಗೆ ನಿಲ್ಲಿಸಿ, ಬೀಗವು 15 ನಿಮಿಷಗಳ ನಂತರ ತಾನಾಗಿಯೇ ತೆರೆಯುವಂತೆ ಮಾಡಿದೆ. ಮೂರು ಯತ್ನಕ್ಕೇ ಬೀಗ ಹಾಕುವ ಕಚೇರಿಗಳನ್ನು ಕಂಡಿದ್ದೇನೆ. ಅಲ್ಲಿ ಆಕ್ರಮಣಕಾರರಿಗಿಂತ ಹೆಚ್ಚಾಗಿ ಸಿಬ್ಬಂದಿಯೇ ಹೊರಗೆ ನಿಲ್ಲುತ್ತಾರೆ.

ಸೋರಿಕೆಯ ಪಟ್ಟಿ

ಪಾಸ್‌ವರ್ಡ್ ಬದಲಾಗುವ ಕ್ಷಣದಲ್ಲಿ ಅದನ್ನು ನಮ್ಮದೇ ಒಂದು ಪ್ರೋಗ್ರಾಮಿನ ಕೈಗೆ ಕೊಟ್ಟು ಸರಿಯೋ ತಪ್ಪೋ ಎಂದು ಕೇಳುವ ಸೌಲಭ್ಯ ಸಾಂಬಾದಲ್ಲಿದೆ. ಸಂರಚನಾ ಕಡತದಲ್ಲಿ ‘ಚೆಕ್ ಪಾಸ್‌ವರ್ಡ್ ಸ್ಕ್ರಿಪ್ಟ್’ ಎಂಬ ಸಾಲಿನಲ್ಲಿ ಪ್ರೋಗ್ರಾಮಿನ ಹೆಸರನ್ನು ಬರೆದರೆ, ಹೊಸ ಪಾಸ್‌ವರ್ಡ್ ಅದರ ಸ್ಟಾಂಡರ್ಡ್ ಇನ್‌ಪುಟ್‌ಗೆ ಬರುತ್ತದೆ. ಪ್ರೋಗ್ರಾಮು ಸೊನ್ನೆ ಹಿಂದಿರುಗಿಸಿದರೆ ಒಪ್ಪಿಗೆ, ಬೇರೆ ಏನೇ ಬಂದರೂ ತಿರಸ್ಕಾರ. ಈಗಿನ ಆವೃತ್ತಿಗಳಲ್ಲಿ ಖಾತೆಯ ಹೆಸರು ಮತ್ತು ಬಳಕೆದಾರರ ಪೂರ್ಣ ಹೆಸರು ಕೂಡ ಪರಿಸರ ಚರಗಳ ಮೂಲಕ ಸಿಗುತ್ತವೆ. ಈ ಪ್ರೋಗ್ರಾಮು ರೂಟ್ ಅಧಿಕಾರದಲ್ಲಿ ಓಡುತ್ತದೆ, ಆದ್ದರಿಂದ ಬೇರೆ ಯಾರೂ ತಿದ್ದಲಾಗದ ಜಾಗದಲ್ಲಿ ಅದನ್ನು ಇಡಬೇಕು.

ಸೋರಿಕೆಯ ಪಟ್ಟಿಗಾಗಿ ಟ್ರಾಯ್ ಹಂಟ್ ಅವರು ನಡೆಸುವ ‘ಹ್ಯಾವ್ ಐ ಬೀನ್ ಪೋನ್ಡ್’ ಸೇವೆಯ ಸಂಗ್ರಹವನ್ನು ಆರಿಸಿಕೊಂಡೆ. ಹ್ಯಾಶಿನ ಮೊದಲ ಐದು ಅಂಕಿಗಳನ್ನಷ್ಟೇ ಕಳಿಸಿ ಅಂತರ್ಜಾಲದ ಮೂಲಕವೇ ಕೇಳುವ ಸೊಗಸಾದ ವಿಧಾನವೂ ಅಲ್ಲಿದೆ. ಆದರೆ ನಮ್ಮ ಒಂದು ಶಾಖೆಗೆ ಮಳೆಗಾಲದಲ್ಲಿ ಅಂತರ್ಜಾಲ ದಿನಕ್ಕೆರಡು ಸಲ ಕಡಿದುಹೋಗುತ್ತದೆ, ಡೊಮೇನ್ ಕಂಟ್ರೋಲರ್ ಹೊರಗಿನ ಉತ್ತರಕ್ಕಾಗಿ ಕಾಯುತ್ತ ನಿಲ್ಲುವುದೂ ನನಗೆ ಸಮ್ಮತವಲ್ಲ. ಆದ್ದರಿಂದ ಪೂರ್ತಿ ಪಟ್ಟಿಯನ್ನೇ ಇಳಿಸಿಕೊಂಡೆ. 2021ರ ಡಿಸೆಂಬರಿನಲ್ಲಿ ಬಂದ ಎಂಟನೆಯ ಆವೃತ್ತಿಯಲ್ಲಿ 84 ಕೋಟಿಗೂ ಹೆಚ್ಚು ಎಸ್‌ಎಚ್‌ಎ-1 ಹ್ಯಾಶ್‌ಗಳಿವೆ. ಅದರಿಂದಲೇ ಮೊದಲ ಪ್ರಯೋಗ ಮಾಡಿದೆ.

ಅಷ್ಟು ದೊಡ್ಡ ಪಠ್ಯ ಕಡತವನ್ನು ನಮ್ಮ ಪುಟ್ಟ ಸರ್ವರಿನಲ್ಲಿ ಇಡುವುದು ವ್ಯರ್ಥ. ಪ್ರತಿ ಹ್ಯಾಶಿನ 20 ಬೈಟ್‌ಗಳಲ್ಲಿ ಮೊದಲ 8 ಬೈಟ್‌ಗಳನ್ನು ಮಾತ್ರ ಉಳಿಸಿ, ಅವುಗಳನ್ನು ಕ್ರಮವಾಗಿ ಒಂದರ ಹಿಂದೊಂದು ಜೋಡಿಸಿದ ಬೈನರಿ ಕಡತವನ್ನು ಮಾಡಿದೆ. ಒಂದು ಕೋಟಿ ಹ್ಯಾಶಿಗೆ 80 ಎಂಬಿ, ಒಟ್ಟು 6.8 ಜಿಬಿಯ ಹತ್ತಿರ. ಬೇರೆ ಪಾಸ್‌ವರ್ಡಿನ ಮೊದಲ 8 ಬೈಟ್ ಆಕಸ್ಮಿಕವಾಗಿ ಪಟ್ಟಿಯೊಂದಿಗೆ ಹೊಂದಿಕೊಂಡು ಒಳ್ಳೆಯದೊಂದು ತಿರಸ್ಕೃತವಾಗುವ ಸಾಧ್ಯತೆ ಸುಮಾರು ಎರಡು ಸಾವಿರ ಕೋಟಿಯಲ್ಲಿ ಒಂದು, ಅದನ್ನು ನಿಶ್ಚಿಂತೆಯಿಂದ ಬಿಡಬಹುದು. ಎಲ್ಲ ದಾಖಲೆಗಳೂ ಒಂದೇ ಉದ್ದದವಾದ್ದರಿಂದ ಕಡತದ ನಡುವಿಗೆ ಹೋಗಿ, ಅಲ್ಲಿಂದ ಅರ್ಧ, ಮತ್ತೆ ಅರ್ಧ ಎಂದು ಹುಡುಕುತ್ತ ಹೋದರೆ ಗರಿಷ್ಠ 30 ಹೆಜ್ಜೆಗಳಲ್ಲಿ ಉತ್ತರ ಸಿಗುತ್ತದೆ. ಪೈಥಾನಿನಲ್ಲಿ ಇದು ಇಪ್ಪತ್ತು ಸಾಲಿನ ಕೆಲಸ.

ಇಲ್ಲಿ ಒಂದು ಸಂಜೆ ಪೂರ್ತಿ ಹೋಯಿತು. ಲೋಕದಲ್ಲೇ ಅತಿ ಹೆಚ್ಚು ಬಳಕೆಯಾಗುವ ಪಾಸ್‌ವರ್ಡ್‌ಗಳನ್ನು ಎಕೋ ಆದೇಶದ ಮೂಲಕ ಸ್ಕ್ರಿಪ್ಟಿಗೆ ಕೊಟ್ಟರೂ ಅದು ಎಲ್ಲವನ್ನೂ ಒಪ್ಪಿಕೊಳ್ಳುತ್ತಿತ್ತು. ಪಟ್ಟಿಯ ಕ್ರಮ ತಪ್ಪಿದೆಯೇ, ಬೈಟ್‌ಗಳು ಹಿಂದುಮುಂದಾಗಿವೆಯೇ ಎಂದು ಎಲ್ಲವನ್ನೂ ಮರುಪರಿಶೀಲಿಸಿದೆ. ಕೊನೆಗೆ ತಿಳಿದದ್ದು, ಎಕೋ ತಾನಾಗಿ ಕೊನೆಗೊಂದು ಹೊಸಸಾಲಿನ ಅಕ್ಷರವನ್ನು ಸೇರಿಸುತ್ತದೆ. ಆ ಕಣ್ಣಿಗೆ ಕಾಣದ ಅಕ್ಷರ ಸೇರಿದ ಮೇಲೆ ಹ್ಯಾಶ್ ಪೂರ್ತಿ ಬೇರೆಯೇ. ಪ್ರಿಂಟ್‌ಎಫ್ ಬಳಸಿದ ತಕ್ಷಣ ಎಲ್ಲವೂ ಸರಿಯಾಯಿತು. ಸ್ಕ್ರಿಪ್ಟಿನಲ್ಲಿಯೂ ಕೊನೆಯ ಹೊಸಸಾಲನ್ನು ಮಾತ್ರ ತೆಗೆಯುವಂತೆ ಬರೆದೆ. ಅಕ್ಕಪಕ್ಕದ ಖಾಲಿ ಜಾಗವನ್ನೂ ಕತ್ತರಿಸಿದರೆ, ಬಳಕೆದಾರರು ನಿಜವಾಗಿ ಹಾಕಿದ ಪಾಸ್‌ವರ್ಡನ್ನು ಬಿಟ್ಟು ಬೇರೆ ಯಾವುದನ್ನೋ ಪರೀಕ್ಷಿಸಿದಂತಾಗುತ್ತದೆ.

ಯಂತ್ರಕ್ಕೆ ನಮ್ಮ ಹೆಸರುಗಳನ್ನು ಕಲಿಸಿದ್ದು

ನಮ್ಮಲ್ಲಿ ಬಿದ್ದಿದ್ದ 31 ಪಾಸ್‌ವರ್ಡ್‌ಗಳ ಬಗೆಗಳನ್ನು ಅನುಕರಿಸಿ ಅಂಥವೇ ಹೊಸ ಮಾದರಿಗಳನ್ನು ಮಾಡಿ ಸ್ಕ್ರಿಪ್ಟಿಗೆ ಕೊಟ್ಟಾಗ, ಸೋರಿಕೆಯ ಪಟ್ಟಿ ಅವುಗಳಲ್ಲಿ ಅರ್ಧದಷ್ಟನ್ನು ಕೂಡ ಹಿಡಿಯಲಿಲ್ಲ. ಲಿನಕ್ಸಿನಲ್ಲಿ ಸಾಮಾನ್ಯವಾಗಿ ಬಳಸುವ ಕ್ರ್ಯಾಕ್‌ಲಿಬ್‌ನ ನಿಘಂಟು ಕೂಡ ಹಿಡಿಯಲಿಲ್ಲ, ಏಕೆಂದರೆ ಅದು ಬಲ್ಲದ್ದು ಮುಖ್ಯವಾಗಿ ಇಂಗ್ಲಿಷ್ ಪದಗಳನ್ನು. ನಮ್ಮ ಸಿಬ್ಬಂದಿ ಪಾಸ್‌ವರ್ಡ್ ಯೋಚಿಸುವುದು ಕನ್ನಡದಲ್ಲಿ, ಬರೆಯುವುದು ಇಂಗ್ಲಿಷ್ ಅಕ್ಷರಗಳಲ್ಲಿ: ಮನೆದೇವರು, ತವರೂರು, ಮಗಳ ಹೆಸರು, ‘ಅಪ್ಪು’, ಗಾಡಿಯ ನಂಬರು, ಮೊಬೈಲ್ ನಂಬರು. ಇಲ್ಲಿಯ ಒಬ್ಬ ಪರಿಚಿತ ವ್ಯಕ್ತಿ ಊಹಿಸಲು ಕುಳಿತರೆ ಮೊದಲು ಬರೆಯುವುದೂ ಅವನ್ನೇ. 1988ರ ನವೆಂಬರಿನಲ್ಲಿ ಅಂತರ್ಜಾಲವನ್ನು ಅಲುಗಾಡಿಸಿದ ಮಾರಿಸ್ ವರ್ಮ್ ತನ್ನೊಳಗೆ ಹೊತ್ತು ತಂದಿದ್ದ ಊಹೆಯ ಪದಗಳು ಕೇವಲ 432. ಪಟ್ಟಿ ಜನರಿಗೆ ಹೊಂದುವಂತಿದ್ದರೆ ಅದು ದೊಡ್ಡದಾಗಿರಬೇಕಾಗಿಲ್ಲ. ಈ ಊರಿನ ಕಚೇರಿಯಲ್ಲಿ ಪಾಸ್‌ವರ್ಡನ್ನು ಕಾಯುವ ಯಂತ್ರಕ್ಕೆ ಈ ಊರಿನ ಹೆಸರುಗಳು ಗೊತ್ತಿರಲೇಬೇಕು ಎಂಬುದು ಈ ಇಡೀ ಕೆಲಸದಲ್ಲಿ ನನಗೆ ದೃಢವಾದ ಮಾತು.

ಹಾಗಾಗಿ ಪಟ್ಟಿ ಮಾಡಲು ಕುಳಿತೆ. ರಾಜ್ಯದ 31 ಜಿಲ್ಲೆಗಳು, ತಾಲ್ಲೂಕುಗಳು, ನಮ್ಮ ಸುತ್ತಿನ ಹಳ್ಳಿಗಳು. ಮಂಜುನಾಥ, ಚೌಡೇಶ್ವರಿ, ಯಲ್ಲಮ್ಮ, ಮೈಲಾರಲಿಂಗ, ಮಹದೇಶ್ವರ, ರಾಘವೇಂದ್ರರಿಂದ ಹಿಡಿದು ಊರೂರಿನ ದೇವತೆಗಳು. ಹಬ್ಬಗಳು, ತಿಂಗಳುಗಳು, ವಾರಗಳು. ಸಾಮಾನ್ಯವಾದ ಗಂಡು ಹೆಣ್ಣು ಹೆಸರುಗಳು. ಅಮ್ಮ, ಅಪ್ಪ, ಚಿನ್ನು, ಪುಟ್ಟ, ಬಂಗಾರದಂಥ ಮುದ್ದಿನ ಮಾತುಗಳು. ಸಂಘದ ಹೆಸರು ಮತ್ತು ಅದರ ಹ್ರಸ್ವರೂಪಗಳು. ಸಿಬ್ಬಂದಿಯ ಮನೆಯವರ ಹೆಸರುಗಳನ್ನು ಕೇಳಿ ಸೇರಿಸೋಣ ಎಂದು ಒಬ್ಬರು ಸಲಹೆ ಕೊಟ್ಟರು, ನಾನು ಒಪ್ಪಲಿಲ್ಲ. ಪಾಸ್‌ವರ್ಡ್ ಕಾಯುವ ನೆಪದಲ್ಲಿ ಜನರ ಮನೆಯ ವಿವರಗಳನ್ನು ಸರ್ವರಿನಲ್ಲಿ ಪೇರಿಸುವುದು ಸರಿಯಲ್ಲ. ಸಾಮಾನ್ಯ ಹೆಸರುಗಳ ಪಟ್ಟಿ ಚೆನ್ನಾಗಿದ್ದರೆ ಅವುಗಳಲ್ಲಿ ಬಹುಪಾಲು ಹೇಗೂ ಬಂದಿರುತ್ತವೆ.

ಕಷ್ಟವಿದ್ದದ್ದು ಕಾಗುಣಿತದಲ್ಲಿ. ಕನ್ನಡದ ಒಂದು ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹತ್ತು ಬಗೆಯಾಗಿ ಬರೆಯುತ್ತಾರೆ. ‘ಶ್ರೀ’ ಎಂಬುದನ್ನು ಒಬ್ಬರು ಎಸ್-ಆರ್-ಐ ಎಂದರೆ ಇನ್ನೊಬ್ಬರು ಎಸ್-ಎಚ್-ಆರ್ ಆದಮೇಲೆ ಎರಡು ಇ ಹಾಕುತ್ತಾರೆ, ‘ಲಕ್ಷ್ಮಿ’ಯಲ್ಲಿ ಕೆಲವರದು ಕೆ-ಎಸ್-ಎಚ್, ಕೆಲವರದು ಎಕ್ಸ್, ‘ಮಂಜುನಾಥ’ನ ಕೊನೆಯ ಎ ಒಮ್ಮೆ ಇರುತ್ತದೆ, ಒಮ್ಮೆ ಇರುವುದಿಲ್ಲ. ಎಲ್ಲ ರೂಪಗಳನ್ನೂ ಪಟ್ಟಿಗೆ ಸೇರಿಸುವ ಬದಲು, ಪಟ್ಟಿಯ ಪದವನ್ನೂ ಪಾಸ್‌ವರ್ಡನ್ನೂ ಒಂದೇ ಸರಳ ರೂಪಕ್ಕೆ ಇಳಿಸಿ ಹೋಲಿಸುವುದು ಮೇಲೆಂದು ತೋರಿತು. ಮೊದಲು ಎಲ್ಲವನ್ನೂ ಚಿಕ್ಕಕ್ಷರ ಮಾಡುವುದು. @ ಚಿಹ್ನೆಯನ್ನು ಎ ಎಂದೂ, 0 ಅಂಕಿಯನ್ನು ಒ ಎಂದೂ, $ ಚಿಹ್ನೆಯನ್ನು ಎಸ್ ಎಂದೂ ಓದುವುದು. ಜೋಡಿ ಇ ಬಂದರೆ ಐ, ಜೋಡಿ ಒ ಬಂದರೆ ಯು. ಎಕ್ಸ್ ಬಂದರೆ ಕೆ-ಎಸ್. ಟಿ, ಡಿ, ಎಸ್‌ಗಳ ಹಿಂದೆ ಅಂಟಿದ ಎಚ್ ತೆಗೆಯುವುದು. ಡಬ್ಲ್ಯು ವಿ ಆಗುವುದು. ಉಳಿದ ಜೋಡಿ ಅಕ್ಷರಗಳೆಲ್ಲ ಒಂಟಿಯಾಗುವುದು. ಉದ್ದ ಪದಗಳ ಕೊನೆಯ ಎ ಬಿಡುವುದು. ಅಂಕಿಯನ್ನು ಹೀಗೆ ಅಕ್ಷರವಾಗಿ ಓದಿದ ರೂಪ, ಅಂಕಿಯನ್ನು ಅಂಕಿಯಾಗಿಯೇ ಬಿಟ್ಟ ರೂಪ ಎರಡನ್ನೂ ಪರೀಕ್ಷಿಸಬೇಕು. ಇಲ್ಲದಿದ್ದರೆ ಇಸವಿಗಳೂ ಮೊಬೈಲ್ ನಂಬರುಗಳೂ ತಪ್ಪಿಸಿಕೊಳ್ಳುತ್ತವೆ.

ಈ ಬದಲಾವಣೆಗಳ ಅನುಕ್ರಮ ಬಹಳ ಮುಖ್ಯ ಎಂಬುದನ್ನು ಚೌಡೇಶ್ವರಿಯಿಂದ ಕಲಿತೆ. ‘ಚೌ’ ಅಕ್ಷರವನ್ನು ಕೆಲವರು ಒ-ಡಬ್ಲ್ಯು ಎಂದೂ ಕೆಲವರು ಒ-ಯು ಎಂದೂ ಬರೆಯುತ್ತಾರೆ, ಆದ್ದರಿಂದ ಒ-ಡಬ್ಲ್ಯು ಜೋಡಿಯನ್ನು ಒ-ಯು ಮಾಡುವ ನಿಯಮ ಸೇರಿಸಿದ್ದೆ. ಆದರೆ ಡಬ್ಲ್ಯುವನ್ನು ವಿ ಮಾಡುವ ನಿಯಮ ಅದಕ್ಕಿಂತ ಮೊದಲೇ ಓಡುತ್ತಿದ್ದರಿಂದ, ಆ ಜೋಡಿಯನ್ನು ಹುಡುಕುವ ಹೊತ್ತಿಗೆ ಡಬ್ಲ್ಯು ಉಳಿದೇ ಇರುತ್ತಿರಲಿಲ್ಲ. ಎರಡನ್ನೂ ಅದಲುಬದಲು ಮಾಡಿದ ಮೇಲೆ ಎರಡು ಕಾಗುಣಿತಗಳೂ ಒಂದೇ ರೂಪಕ್ಕೆ ಬಂದವು.

ಪಟ್ಟಿಯ ಯಾವುದೇ ಪದ ಒಳಗಿದ್ದರೆ ಪಾಸ್‌ವರ್ಡನ್ನು ನೇರವಾಗಿ ತಿರಸ್ಕರಿಸುವುದು ನನ್ನ ಮೊದಲ ಯೋಜನೆಯಾಗಿತ್ತು, ಅದು ನಡೆಯಲಿಲ್ಲ. ‘ಉಮಾ’ ಎಂಬ ಹೆಸರು ‘ಸುಮಾರು’ ಎಂಬ ಪದದೊಳಗೂ ಇದೆ. ಹೀಗೆ ಚಿಕ್ಕ ಹೆಸರುಗಳು ಎಲ್ಲೆಂದರಲ್ಲಿ ಸಿಕ್ಕಿಕೊಂಡು ಒಳ್ಳೆಯ ಉದ್ದದ ಪಾಸ್‌ವರ್ಡ್‌ಗಳೂ ಬೀಳುತ್ತಿದ್ದವು. ಮೈಕ್ರೋಸಾಫ್ಟಿನ ಎಂಟ್ರಾ ಸೇವೆಯಲ್ಲಿ ಇದಕ್ಕೊಂದು ಅಂಕ ಪದ್ಧತಿಯಿದೆ: ನಿಷೇಧಿತ ಪದ ಎಷ್ಟೇ ಉದ್ದವಿದ್ದರೂ ಅದಕ್ಕೆ ಒಂದೇ ಅಂಕ, ಉಳಿದ ಪ್ರತಿ ಅಕ್ಷರಕ್ಕೂ ಒಂದೊಂದು ಅಂಕ, ಒಟ್ಟು ಕನಿಷ್ಠ ಐದು ಬೇಕು. ಆ ವಿಚಾರವನ್ನೇ ತೆಗೆದುಕೊಂಡು ಕನಿಷ್ಠವನ್ನು ಒಂಬತ್ತಕ್ಕೆ ಏರಿಸಿದೆ. ಹತ್ತಂಕಿಯ ಮೊಬೈಲ್ ನಂಬರು, ಕೆಎಯಿಂದ ಶುರುವಾಗುವ ಗಾಡಿ ನಂಬರು, ಹುಟ್ಟಿದ ದಿನಾಂಕ, ಇಸವಿ, 123 ಮತ್ತು ಅದರ ಮುಂದುವರಿಕೆ, ಬಳಕೆದಾರರ ಸ್ವಂತ ಹೆಸರಿನ ಭಾಗಗಳು, ಇವೆಲ್ಲವೂ ಒಂದೊಂದೇ ಅಂಕದವು. ಈಗ ಮನೆದೇವರ ಹೆಸರು, ಊರಿನ ಹೆಸರು ಮತ್ತು @123 ಮೂರನ್ನೂ ಸೇರಿಸಿ ಇಪ್ಪತ್ತು ಅಕ್ಷರ ಮಾಡಿದರೂ ನಾಲ್ಕು ಅಂಕವಷ್ಟೇ ಸಿಗುತ್ತದೆ.

ಅಕ್ಷರ ಬಗೆಗಳ ಕಡ್ಡಾಯ ಬೇಡವೆಂಬ ನಿಸ್ಟ್‌ನ ಮಾತಿನಂತೆ ಸಿಬ್ಬಂದಿಯ ಪಿಎಸ್‌ಒದಲ್ಲಿ ಕಾಂಪ್ಲೆಕ್ಸಿಟಿ ಎಂಬುದನ್ನು ಆಫ್ ಮಾಡಿದ್ದೆ. ಪರೀಕ್ಷಾ ಖಾತೆಯೊಂದರಲ್ಲಿ ಅತ್ಯಂತ ದುರ್ಬಲವಾದ, ಆದರೆ 15 ಅಕ್ಷರ ಉದ್ದದ ಪಾಸ್‌ವರ್ಡ್ ಹಾಕಿದರೆ ಅದು ಸಲೀಸಾಗಿ ಒಳಗೆ ಹೋಯಿತು. ಸ್ಕ್ರಿಪ್ಟಿನ ದಾಖಲೆಯಲ್ಲಿ ಒಂದು ಸಾಲೂ ಇರಲಿಲ್ಲ. ಅದು ಓಡಿಯೇ ಇರಲಿಲ್ಲ. ಸಾಂಬಾದ ಮೂಲ ಸಂಹಿತೆಯನ್ನು ತೆರೆದು ಓದಿದಾಗ ಕಾರಣ ಸಿಕ್ಕಿತು. ಉದ್ದದ ಪರೀಕ್ಷೆ ಮುಗಿದ ಮೇಲೆ, ಕಾಂಪ್ಲೆಕ್ಸಿಟಿ ಆಫ್ ಇದ್ದರೆ ಅದು ಅಲ್ಲಿಂದಲೇ ಒಪ್ಪಿಗೆ ಕೊಟ್ಟು ಹಿಂದಿರುಗುತ್ತದೆ. ಆನ್ ಇದ್ದರೆ ಮಾತ್ರ ನಮ್ಮ ಸ್ಕ್ರಿಪ್ಟನ್ನು ಕರೆದು, ಆಮೇಲೆ ಮೂರು ಬಗೆಗಳ ನಿಯಮವನ್ನೂ ನೋಡುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಇಟ್ಟುಕೊಳ್ಳುವ ದಾರಿ ಇಲ್ಲ. ಯಾವ ಎಚ್ಚರಿಕೆಯೂ ಇಲ್ಲದೆ ಕಾವಲು ತಪ್ಪುವ ಈ ಜಾಗವನ್ನು ಸಾಂಬಾ ಬಳಸುವ ಎಲ್ಲರೂ ಗಮನಿಸಬೇಕು. ಕಾಂಪ್ಲೆಕ್ಸಿಟಿಯನ್ನು ಮತ್ತೆ ಆನ್ ಮಾಡಿದೆ. ಪದಗಳ ನಡುವೆ ಅಡ್ಡಗೆರೆ ಮತ್ತು ಮೊದಲಿಗೊಂದು ದೊಡ್ಡಕ್ಷರ ಎಂದು ಹೇಳಿಕೊಟ್ಟರೆ ಮೂರು ಬಗೆಗಳು ತಾವಾಗಿಯೇ ಪೂರೈಸುವುದರಿಂದ ಸಿಬ್ಬಂದಿಗೆ ಇದು ಹೊರೆಯಾಗಲಿಲ್ಲ.

ಇನ್ನೊಂದು ಜಾಗ ಎರಡನೆಯ ಡೊಮೇನ್ ಕಂಟ್ರೋಲರ್. ಬಳಕೆದಾರರು, ಗುಂಪುಗಳು, ಪಿಎಸ್‌ಒಗಳು ಎರಡೂ ಸರ್ವರ್‌ಗಳ ನಡುವೆ ತಾವಾಗಿ ಹಂಚಿಕೆಯಾಗುತ್ತವೆ. ಸಂರಚನಾ ಕಡತವಾಗಲಿ ನಮ್ಮ ಸ್ಕ್ರಿಪ್ಟಾಗಲಿ ಹಂಚಿಕೆಯಾಗುವುದಿಲ್ಲ. ಪಾಸ್‌ವರ್ಡ್ ಬದಲಾವಣೆಯ ಕೋರಿಕೆ ಎರಡರಲ್ಲಿ ಯಾವುದಕ್ಕೆ ಬೇಕಾದರೂ ಹೋಗಬಹುದು. ಹೀಗೆ ಎರಡು ದಿನ ಎರಡನೆಯದರಲ್ಲಿ ಸ್ಕ್ರಿಪ್ಟ್ ಇರಲೇ ಇಲ್ಲ. ಈಗ ಎರಡೂ ಕಡೆಯ ಕಡತಗಳ ಹ್ಯಾಶನ್ನು ಪ್ರತಿ ರಾತ್ರಿ ಹೋಲಿಸಿ, ವ್ಯತ್ಯಾಸವಿದ್ದರೆ ನನಗೆ ಮಿಂಚಂಚೆ ಕಳಿಸುವ ವ್ಯವಸ್ಥೆ ಇದೆ.

ಕನ್ನಡ ಲಿಪಿಯಲ್ಲೇ ಏಕಾಗಬಾರದು?

ಈ ಪ್ರಶ್ನೆ ನನಗೆ ಪ್ರೀತಿಯದು, ಆದ್ದರಿಂದ ಅದನ್ನು ಪೂರ್ತಿಯಾಗಿ ಪರೀಕ್ಷಿಸಿದೆ. ಮೇಲೆ ಹೇಳಿದ ಐದು ಬಗೆಗಳಲ್ಲಿ ಐದನೆಯದು, ದೊಡ್ಡದು ಚಿಕ್ಕದು ಎಂಬ ಭೇದವಿಲ್ಲದ ಲಿಪಿಗಳ ಅಕ್ಷರಗಳು. ಕನ್ನಡ ಅದರೊಳಗೆ ಬರುತ್ತದೆ. ನಿಯಮ ಕನ್ನಡವನ್ನು ತಡೆಯುವುದಿಲ್ಲ. ತೊಡಕು ಇರುವುದು ಅಕ್ಷರಗಳ ಒಳಗಿನ ಸಂಕೇತಗಳಲ್ಲಿ. ‘ಕೊ’ ಎಂಬುದನ್ನು ಕ ಮತ್ತು ಒಕಾರದ ಚಿಹ್ನೆ ಎಂದು ಎರಡು ಸಂಕೇತಗಳಾಗಿ ಬರೆಯಬಹುದು. ಕ, ಎಕಾರದ ಚಿಹ್ನೆ, ಊಕಾರದ ಚಿಹ್ನೆ ಎಂದು ಮೂರು ಸಂಕೇತಗಳಾಗಿಯೂ ಬರೆಯಬಹುದು. ಯುನಿಕೋಡ್ ಎರಡನ್ನೂ ಸಮಾನವೆನ್ನುತ್ತದೆ, ಪರದೆಯ ಮೇಲೆ ಎರಡೂ ಒಂದೇ ಆಗಿ ಕಾಣುತ್ತವೆ. ಆದರೆ ಎನ್‌ಟಿ ಹ್ಯಾಶ್ ಲೆಕ್ಕ ಹಾಕುವಾಗ ಅವುಗಳನ್ನು ಯಾರೂ ಒಂದು ಮಾಡುವುದಿಲ್ಲ. ಅವು ಎರಡು ಬೇರೆ ಬೇರೆ ಪಾಸ್‌ವರ್ಡ್‌ಗಳು. ಈಕಾರ, ಏಕಾರ, ಐಕಾರ, ಓಕಾರದ ಚಿಹ್ನೆಗಳಿಗೂ ಇದೇ ಕಥೆ. ಅದರ ಜೊತೆಗೆ ನಮ್ಮ ಸಿಬ್ಬಂದಿಗೆ ರೂಢಿಯಾದ ನುಡಿ ತಂತ್ರಾಂಶ ಲಾಗಿನ್ ಆದ ಮೇಲಷ್ಟೇ ಓಡುತ್ತದೆ. ಲಾಗಿನ್ ಪರದೆಯಲ್ಲಿ ಸಿಗುವುದು ವಿಂಡೋಸಿನದೇ ಕೀಲಿಮಣೆ ವಿನ್ಯಾಸ. ಅಕ್ಷರದ ಬದಲು ಚುಕ್ಕೆಗಳು ಮಾತ್ರ ಕಾಣುವ ಪೆಟ್ಟಿಗೆಯಲ್ಲಿ, ಅಭ್ಯಾಸವಿಲ್ಲದ ವಿನ್ಯಾಸದಲ್ಲಿ, ಒತ್ತಕ್ಷರಗಳನ್ನು ಬರೆಯಿರಿ ಎಂದು ಕೌಂಟರಿನಲ್ಲಿ ಕುಳಿತವರಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ. ಕನ್ನಡ ಪದಗಳು ಇರಲಿ, ಲಿಪಿ ಇಂಗ್ಲಿಷಿನದಾಗಲಿ ಎಂದು ಸದ್ಯಕ್ಕೆ ನಿಲ್ಲಿಸಿದ್ದೇನೆ.

ಆ ಕನ್ನಡ ಪದಗಳಿಗಾಗಿ ಡೈಸ್‌ವೇರ್ ಪದ್ಧತಿಯನ್ನು ಅನುಸರಿಸಿದೆ. ಆರ್ನಾಲ್ಡ್ ರೈನ್‌ಹೋಲ್ಡ್ 1995ರಲ್ಲಿ ರೂಪಿಸಿದ ಈ ಪದ್ಧತಿಯಲ್ಲಿ ದಾಳ ಎಸೆದು ಪಟ್ಟಿಯಿಂದ ಪದಗಳನ್ನು ಆರಿಸುತ್ತಾರೆ. ಮನುಷ್ಯರ ಆಯ್ಕೆಗೆ ಅಲ್ಲಿ ಅವಕಾಶವೇ ಇಲ್ಲ. ಮೂಲ ಪಟ್ಟಿಯಲ್ಲಿ 7,776 ಪದಗಳಿವೆ. ನಾನು ನಾಲ್ಕು ದಾಳಗಳಿಗೆ ಹೊಂದುವ 1,296 ಪದಗಳ ಕನ್ನಡ ಪಟ್ಟಿಯನ್ನು ಮಾಡಿದೆ: ಗುದ್ದಲಿ, ಕಂಬಳಿ, ಮಿಂಚು, ಬದನೆ, ಸೇತುವೆ, ನವಿಲು ಇಂಥವು. ಇಂಗ್ಲಿಷ್ ಅಕ್ಷರದಲ್ಲಿ ಎರಡು ಬಗೆಯಾಗಿ ಬರೆಯಬಹುದಾದ ಪದಗಳನ್ನು ಆದಷ್ಟೂ ಬಿಟ್ಟೆ, ಉಳಿದವುಗಳ ಮುಂದೆ ಒಂದೇ ಕಾಗುಣಿತವನ್ನು ಅಚ್ಚು ಮಾಡಿಸಿದೆ.

ನಾಲ್ಕು ಪದಗಳಿಗೆ 2.8 ಲಕ್ಷ ಕೋಟಿ ಸಾಧ್ಯತೆಗಳಿವೆ. ಬೀಗದ ನಿಯಮದಂತೆ 15 ನಿಮಿಷಕ್ಕೆ 10 ಊಹೆಗಳಷ್ಟೇ ಸಾಧ್ಯವಿರುವಾಗ ಅವೆಲ್ಲವನ್ನೂ ಪ್ರಯತ್ನಿಸಿ ಮುಗಿಸಲು 80 ಲಕ್ಷ ವರ್ಷ ಬೇಕು. ಆದರೆ ಹ್ಯಾಶೇ ಕಳ್ಳರ ಕೈ ಸೇರಿದರೆ ಲೆಕ್ಕ ಬೇರೆ. ಇಂದಿನ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಹತ್ತು ಸಾವಿರ ಕೋಟಿಗೂ ಹೆಚ್ಚು ಎನ್‌ಟಿ ಹ್ಯಾಶ್‌ಗಳನ್ನು ಲೆಕ್ಕ ಹಾಕಬಲ್ಲದು. ಆ ವೇಗದಲ್ಲಿ ನಾಲ್ಕು ಪದಗಳು ಅರ್ಧ ನಿಮಿಷದಲ್ಲಿ ಮುಗಿಯುತ್ತವೆ. ಆದ್ದರಿಂದ ಆಡಳಿತ ಖಾತೆಗಳಿಗೆ ಏಳು ಪದಗಳನ್ನು ಕಡ್ಡಾಯ ಮಾಡಿದೆ. ಅದೇ ವೇಗದಲ್ಲಿ ಅವುಗಳಿಗೆ 1,900 ವರ್ಷಗಳಿಗೂ ಮೇಲೆ ಬೇಕು. ಈ ಲೆಕ್ಕ ಹಾಕುವಾಗಲೇ ಹೊಳೆದದ್ದು, ಡೊಮೇನ್ ಕಂಟ್ರೋಲರಿನ ವಾರದ ಬ್ಯಾಕಪ್ ಇದ್ದ ಹಾರ್ಡ್‌ಡಿಸ್ಕ್ ಬೀಗವಿಲ್ಲದ ಬೀರುವಿನಲ್ಲಿ, ಗೂಢಲಿಪೀಕರಣವಿಲ್ಲದೆ ಇತ್ತು. ಎಲ್ಲ 46 ಜನರ ಹ್ಯಾಶ್‌ಗಳೂ ಅದರಲ್ಲಿದ್ದವು. ಅದೇ ದಿನ ಸಂಜೆ ಆ ಡಿಸ್ಕನ್ನು ಲಕ್ಸ್ ಪದ್ಧತಿಯಲ್ಲಿ ಗೂಢಲಿಪಿಗೆ ತಂದು, ಹಳೆಯ ಪ್ರತಿಗಳನ್ನು ಅಳಿಸಿ, ಡಿಸ್ಕನ್ನು ತಿಜೋರಿಗೆ ಸೇರಿಸಿದೆ.

ಹೊಸ ನಿಯಮಗಳು ಹಳೆಯ ಪಾಸ್‌ವರ್ಡ್‌ಗಳನ್ನು ಮುಟ್ಟುವುದಿಲ್ಲ, ಮುಂದಿನ ಬದಲಾವಣೆಯ ಹೊತ್ತಿಗೆ ಮಾತ್ರ ಪರೀಕ್ಷೆ ನಡೆಯುತ್ತದೆ. ಹಾಗಾಗಿ ದಿನಕ್ಕೊಂದು ಶಾಖೆಯಂತೆ, ಖುದ್ದಾಗಿ ಅಲ್ಲಿ ಹೋಗಿ ಕುಳಿತು, ಮುಂದಿನ ಲಾಗಿನ್‌ನಲ್ಲಿ ಬದಲಾವಣೆ ಕಡ್ಡಾಯವೆಂದು ಗುರುತು ಹಾಕಿದೆ. ಸ್ಕ್ರಿಪ್ಟ್ ಯಾವ ಕಾರಣಕ್ಕೆ ತಿರಸ್ಕರಿಸಿದರೂ ವಿಂಡೋಸ್ ತೋರಿಸುವುದು ಉದ್ದ, ಸಂಕೀರ್ಣತೆ ಅಥವಾ ಇತಿಹಾಸದ ನಿಯಮಕ್ಕೆ ಹೊಂದುತ್ತಿಲ್ಲ ಎಂಬ ಒಂದೇ ಮಾತನ್ನು. ಇದರಿಂದ ಮೊದಲ ದಿನ ಬಹಳ ಜನ ಗಲಿಬಿಲಿಗೊಂಡರು. ಆಮೇಲೆ ಸ್ಕ್ರಿಪ್ಟ್ ಖಾತೆಯ ಹೆಸರು, ಸಮಯ ಮತ್ತು ಕಾರಣದ ಸಂಖ್ಯೆಯನ್ನು ಮಾತ್ರ ದಾಖಲಿಸುವಂತೆ ಮಾಡಿದೆ. ಪಾಸ್‌ವರ್ಡಿನ ಒಂದಕ್ಷರವೂ ಎಲ್ಲಿಯೂ ದಾಖಲಾಗಬಾರದೆಂದು ದೋಷ ಬಂದಾಗ ಪೈಥಾನ್ ಮುದ್ರಿಸುವ ವಿವರವನ್ನೂ ನಿಲ್ಲಿಸಿದೆ. ಈಗ ಯಾರಾದರೂ ಫೋನ್ ಮಾಡಿದರೆ ಊರಿನ ಹೆಸರು ಬಂದಿದೆ, ಬೇರೆ ಪದ ಹಾಕಿ ಎಂದು ಸ್ಪಷ್ಟವಾಗಿ ಹೇಳಬಲ್ಲೆ.

ಪ್ರಧಾನ ಕಚೇರಿಯ ನಗದು ಕೌಂಟರಿನ ಹಿರಿಯರೊಬ್ಬರು ದಾಳಗಳನ್ನು ಕೈಯಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ಕುಳಿತಿದ್ದರು. “ಸಾರ್, ಇಷ್ಟು ವರ್ಷ ದೇವರ ಹೆಸರು ಒತ್ತಿಯೇ ನಾನು ದಿನದ ಕೆಲಸ ಶುರು ಮಾಡಿದೋನು. ಅದನ್ನೇ ಬೇಡ ಅಂದ್ರೆ ಹೇಗೆ?” ಎಂದರು. “ಹೆಸರು ಹೇಳ್ಕೊಂಡೇ ಶುರು ಮಾಡಿ ಸಾರ್. ಆದ್ರೆ ಅದನ್ನ ಬೀಗದ ಕೈ ಮಾಡ್ಕೋಬೇಡಿ, ನಿಮ್ಮ ಮನೆದೇವರು ಯಾರು ಅಂತ ಊರಿಗೆಲ್ಲ ಗೊತ್ತು” ಎಂದೆ. ಅವರು ದಾಳ ಎಸೆದರು. ಬಂದ ನಾಲ್ಕು ಪದಗಳನ್ನು ಚೀಟಿಯಲ್ಲಿ ಬರೆದು ಜೇಬಿನೊಳಗಿನ ಪರ್ಸಿನಲ್ಲಿ ಒಂದು ವಾರ ಇಟ್ಟುಕೊಳ್ಳಲು ನಾನೇ ಹೇಳಿದೆ. ಮಾನಿಟರಿಗೆ ಅಂಟಿಸುವುದಕ್ಕಿಂತ ಅದು ಎಷ್ಟೋ ಸುರಕ್ಷಿತ. ಐದನೆಯ ದಿನಕ್ಕೆ ಅವರು ಚೀಟಿಯನ್ನು ಹರಿದು ನನ್ನ ಮೇಜಿನ ಬುಟ್ಟಿಗೆ ಹಾಕಿ ಹೋದರು.

ಒಂದು ಶಾಖೆಯಲ್ಲಿ ಬೆಳಿಗ್ಗೆಯೆಲ್ಲ ಒಬ್ಬರ ಖಾತೆಗೆ ಪದೇಪದೇ ಬೀಗ ಬೀಳುತ್ತಿತ್ತು. ಹುಡುಕಿದರೆ, ಅಲ್ಲಿಯ ಸ್ಕ್ಯಾನರ್ ಕಡತಗಳನ್ನು ಸರ್ವರಿಗೆ ಕಳಿಸಲು ಅವರ ಹಳೆಯ ಪಾಸ್‌ವರ್ಡನ್ನೇ ಬಳಸುತ್ತಿತ್ತು. ಯಂತ್ರಗಳಿಗೆ ಪ್ರತ್ಯೇಕ ಖಾತೆ ಮಾಡಿದ್ದರೂ ಆ ಒಂದು ಸ್ಕ್ಯಾನರ್ ನನ್ನ ಪಟ್ಟಿಯಲ್ಲಿ ಬಿಟ್ಟುಹೋಗಿತ್ತು.

ಮೂರು ತಿಂಗಳ ನಂತರ ಮತ್ತೆ ಅನುಮತಿ ಪಡೆದು, ಅದೇ ಕಂಪ್ಯೂಟರಿನಲ್ಲಿ, ಈ ಬಾರಿ ನನ್ನದೇ ಕನ್ನಡ ಪಟ್ಟಿಯನ್ನೂ ಸೇರಿಸಿ, ಅಷ್ಟೇ ಹೊತ್ತು ಪರೀಕ್ಷೆ ನಡೆಸಿದೆ. 46ರಲ್ಲಿ ಮೂರು ಬಿದ್ದವು. ಒಂದು, ಎರಡನೆಯ ಕಂಟ್ರೋಲರಿನಲ್ಲಿ ಸ್ಕ್ರಿಪ್ಟ್ ಇಲ್ಲದಿದ್ದ ಆ ಎರಡು ದಿನಗಳಲ್ಲಿ ಒಳಹೊಕ್ಕದ್ದು. ಉಳಿದೆರಡು ನಮ್ಮ ಸೀಮೆಯ ಎರಡು ಊರುಗಳನ್ನು ಜನ ಬಾಯಿಮಾತಿನಲ್ಲಿ ಕರೆಯುವ ಹೆಸರುಗಳನ್ನು ಜೋಡಿಸಿದವು. ಕಾಗದಪತ್ರದಲ್ಲಿರುವ ಹೆಸರುಗಳನ್ನಷ್ಟೇ ನಾನು ಸ್ಕ್ರಿಪ್ಟಿನ ಪಟ್ಟಿಗೆ ಸೇರಿಸಿದ್ದೆ. ಬಾಯಿಮಾತಿನ ರೂಪಗಳನ್ನು ಮೂರೂ ಶಾಖೆಗಳ ಪಿಗ್ಮಿ ಸಂಗ್ರಹಕಾರರನ್ನು ಕೇಳಿ ಬರೆದುಕೊಂಡೆ, ಅವರಿಗೆ ತಿಳಿಯದ ಕೇರಿಯಿಲ್ಲ. ಸುಮಾರು ಇನ್ನೂರು ಹೊಸ ಪದಗಳು ಸಿಕ್ಕಿವೆ.

ಉಳಿದಿರುವುದು ನಮ್ಮ ಲೆಕ್ಕಪತ್ರದ ತಂತ್ರಾಂಶ. ಅದು ಡೊಮೇನಿನ ಲಾಗಿನ್‌ಗಳನ್ನು ಬಳಸದೆ ತನ್ನದೇ ಪಾಸ್‌ವರ್ಡ್‌ಗಳನ್ನು ಇಟ್ಟುಕೊಳ್ಳುತ್ತದೆ, ಮತ್ತು ಆರು ಅಕ್ಷರಗಳಿಗೇ ತೃಪ್ತಿಪಡುತ್ತದೆ. ಬದಲಾಯಿಸಿಕೊಡಿ ಎಂದು ಅದನ್ನು ಒದಗಿಸಿದವರಿಗೆ ಎರಡು ಪತ್ರ ಬರೆದಿದ್ದೇನೆ. ಅವರ ಉತ್ತರ ಬರುವವರೆಗೆ, ಡೊಮೇನಿಗೆ ಲಾಗಿನ್ ಆದ ಕಂಪ್ಯೂಟರ್‌ಗಳಿಂದ ಮಾತ್ರ ಆ ಸರ್ವರಿಗೆ ಹೋಗಲು ಸಾಧ್ಯವಾಗುವಂತೆ ಫೈರ್‌ವಾಲ್ ನಿಯಮ ಬರೆಯುತ್ತಿದ್ದೇನೆ. ಪ್ರಧಾನ ಕಚೇರಿಯದು ಮುಗಿದಿದೆ, ಶಾಖೆಗಳದು ಈ ವಾರದ ಕೆಲಸ.